ತೌಡು ತಿಂದವರ ನೆನಪು

ನಮ್ಮೂರಲ್ಲಿ ಅನ್ನ ಉಂಡವರಿಗೆ ಮರೆವು, ತೌಡು ತಿಂದವಕ್ಕೆ ನೆನಪು. ಹೀಗೇಕೆ ಎಂದು ಯಾರೂ ಕೇಳಿದ್ದಿಲ್ಲ. ಕೇಳಬೇಕು ಅಂದುಕೊಂಡವರು ಊಟಕ್ಕೆ ಕೂತು ಏಳುವಷ್ಟರಲ್ಲಿ, ತಾವು ಕೇಳಬೇಕೆಂದಿದ್ದದ್ದು ಏನು ಅನ್ನುವುದನ್ನೇ ಮರೆತಿರುತ್ತಿದ್ದರು.

ಪೂರ್ತಿ ಮರೆವು ಅಂತ ತಿಳಿಯಬೇಡಿ. ಕೈ ಕಲಿತದ್ದು ಕೈಯಲ್ಲೇ ಇರುತ್ತಿತ್ತು. ನಾಟಿ ಹಾಕುವುದು, ಒಗ್ಗರಣೆ ಕೊಡುವುದು, ಜಡೆ ಹೆಣೆಯುವುದು ಯಾರಿಗೂ ಮರೆಯುತ್ತಿರಲಿಲ್ಲ. ಮನೆಯವರ ಮುಖ, ಹೆಸರು, ನೆರೆಹೊರೆ, ಇವೂ ಇರುತ್ತಿದ್ದವು. ಹೋಗುತ್ತಿದ್ದದ್ದು ನಡೆದುಹೋದ ಸಂಗತಿಗಳು. ಹೋದ ಸಂತೆಯಿಂದಾಚೆ ಯಾರು ಏನು ಅಂದರು, ಯಾರಿಗೆ ಏನು ಮಾತು ಕೊಟ್ಟೆವು, ಬೀಗದ ಕೈ ಎಲ್ಲಿಟ್ಟೆವು, ಎಲ್ಲ ಒಂದೇ ಬೂದು ಬಣ್ಣ. ಆದರೆ ಕೊಟ್ಟಿಗೆಯಲ್ಲಿ ಹಸುಗಳಿದ್ದವಲ್ಲ! ಬೀಗದ ಕೈ ಕಳೆದರೆ ಹಸುವಿನ ಹಗ್ಗ ಬಿಚ್ಚಿ ಅದರ ಹಿಂದೆ ಹೋದರಾಯಿತು, ಅದು ನೇರ ಹಾಸುಗಲ್ಲಿನ ಸಂದಿಗೆ ಹೋಗಿ ಮೂತಿ ಇಡುತ್ತಿತ್ತು. ಗದ್ದೆಯ ಬದುವಿನ ತಕರಾರು ಬಂದರೆ ಎರಡೂ ಮನೆಯ ಹಸುಗಳನ್ನು ಕರೆತಂದು ನಿಲ್ಲಿಸುತ್ತಿದ್ದರು. ಹೌದಾದರೆ ತಲೆ ಆಡಿಸುವುದು, ಅಲ್ಲವಾದರೆ ಕಿವಿ ಒದರುವುದು. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವ ಮೊದಲು ಕೊಟ್ಟಿಗೆಗೆ ಹೋಗಿ ಹಸುವನ್ನು ಮಾತಾಡಿಸಿ ಬರುತ್ತಿದ್ದರು. ಹುಡುಗಿಯ ಗುಣ ಹಸುವಿಗೆ ಗೊತ್ತಿರುವಷ್ಟು ಅವಳ ಅಪ್ಪನಿಗೆ ಎಲ್ಲಿ ಗೊತ್ತಿರಬೇಕು!

ಹಾಗಿದ್ದರೆ ನೀವೇ ತೌಡು ತಿನ್ನಬಹುದಿತ್ತಲ್ಲ ಎಂದರೆ, ನಮ್ಮೂರಿನವರ ಜಂಬ ನಿಮಗೆ ಗೊತ್ತಿಲ್ಲ. ಮಲ್ಲಿಗೆ ಹೂವಿನಂಥ ಅನ್ನ ಬಡಿಸುವುದೇ ಇಲ್ಲಿ ಮರ್ಯಾದೆ. ಅನ್ನದಲ್ಲಿ ಒಂದು ಅಗುಳು ಕೆಂಪಗೆ ಕಂಡರೂ ನೆಂಟರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಗಿರಣಿಯ ಮುದ್ದರಂಗಪ್ಪ ಭತ್ತವನ್ನು ಒಂದು ಸಲ ಹಾಕಿ, ಸಾಲದೆಂದು ಇನ್ನೊಂದು ಸಲ ಹಾಕಿ, ಅಕ್ಕಿ ಕನ್ನಡಿಯ ಹಾಗೆ ಹೊಳೆಯುವವರೆಗೆ ಬಿಡುತ್ತಿರಲಿಲ್ಲ. ಉದುರಿದ ತೌಡನ್ನು ಅವರವರ ಚೀಲಕ್ಕೆ ತುಂಬಿ "ನಿಮ್ಮ ಹಸೀಗೆ" ಎಂದು ಕೊಡುತ್ತಿದ್ದ. ಇನ್ನೊಂದು ಮಾತು, ಮರೆವು ಸುಖವಾಗಿಯೂ ಇತ್ತು. ಬೇರೆ ಊರುಗಳಲ್ಲಿ ಹುರುಳಿಲ್ಲದ ಮಾತಿಗೆ ತೌಡು ಕುಟ್ಟುವುದು ಎನ್ನುತ್ತಾರಂತೆ. ನಮ್ಮೂರಿಗೆ ಬಂದು ಹಾಗೆ ಅಂದರೆ ಹಸುಗಳು ಬೇಜಾರು ಮಾಡಿಕೊಂಡಾವು.

ಇಷ್ಟೆಲ್ಲ ನಾನು ಹೇಗೆ ನೆನಪಿಟ್ಟುಕೊಂಡೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅದು ನಮ್ಮ ಕೆಂಪಾಜಮ್ಮಕ್ಕನಿಂದ. ಅವಳು ನನ್ನ ಓರಗಿತ್ತಿ, ಭಾವ ಅಂಕಯ್ಯನ ಹೆಂಡತಿ. ನಾನು ಆ ಮನೆಗೆ ಸೇರಿದಾಗಿನಿಂದ ಒಂದೇ ಒಲೆಯ ಎರಡು ಬಾಯಿಗೆ ಎದುರುಬದುರು ಕೂತು ಊದಿದವರು ನಾವು.

ಕೆಂಪಾಜಮ್ಮಕ್ಕನಿಗೆ ಒಬ್ಬಳೇ ತಂಗಿ, ದೇವೀರಮ್ಮ. ಬೀದಿಯ ಆ ಮಗ್ಗುಲಲ್ಲಿ, ಗಿರಣಿಯ ಗೋಡೆಗೆ ಒತ್ತಿಕೊಂಡಂತಿದ್ದ ಮನೆ ಅವಳದ್ದು. ನಮ್ಮ ಜಗುಲಿಯಲ್ಲಿ ಸೀನಿದರೆ ಅವರ ಜಗುಲಿಯವರು ಬೆಚ್ಚಬೇಕು, ಅಷ್ಟು ಹತ್ತಿರ. ಆದರೂ ಅಕ್ಕತಂಗಿಯರಿಗೆ ಮಾತಿರಲಿಲ್ಲ. ಯಾಕೆ ಮಾತು ಬಿಟ್ಟರು ಅನ್ನುವುದು ಇಬ್ಬರ ಮನೆಯಲ್ಲೂ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆವು. ಜಗಳ ಮರೆತವರಿಗೆ ಸಿಟ್ಟು ಹೇಗೆ ಉಳಿಯಿತು ಅಂತೀರೋ? ಕೈ ಕಲಿತದ್ದು ಮರೆಯುವುದಿಲ್ಲ ಎಂದೆನಲ್ಲ, ಹಾಗೇ ಕತ್ತು ಕಲಿತದ್ದೂ. ದೇವೀರಮ್ಮ ನೀರಿಗೆ ಹೊರಟರೆ ಸಾಕು, ನಮ್ಮಕ್ಕನ ಕತ್ತು ತಾನಾಗಿಯೇ ಗೋಡೆಯ ಕಡೆಗೆ ಹೊರಳುತ್ತಿತ್ತು. ಹೊರಳಿದ ಮೇಲೆ ಅವಳು ಆ ಗೋಡೆಯನ್ನೇ ಸ್ವಲ್ಪ ಹೊತ್ತು ನೋಡಿ, "ಸುಣ್ಣ ಹೊಡಿಸ್ಬೇಕು ಇದಕ್ಕೆ" ಎನ್ನುತ್ತಿದ್ದಳು. ಆ ಗೋಡೆಗೆ ಸುಣ್ಣ ಹೊಡೆದಷ್ಟು ಊರಲ್ಲಿ ಇನ್ಯಾವ ಗೋಡೆಗೂ ಹೊಡೆದಿಲ್ಲ.

ಗಂಡಸರ ಪಾಡು ಇನ್ನೂ ಚೆನ್ನ. ಭಾವ ಈ ಜಗುಲಿಯಲ್ಲಿ, ದೇವೀರಮ್ಮನ ಗಂಡ ಬೆಟ್ಟಯ್ಯ ಆ ಜಗುಲಿಯಲ್ಲಿ. ಸಂಜೆಯಾದರೆ ಇಬ್ಬರೂ ಏನೋ ನೆನಪಾದವರ ಹಾಗೆ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಏನೆಂದು ಹೊಳೆಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ಕೂರುತ್ತಿದ್ದರು.

ಹೀಗಿರುವಾಗ ದೇವೀರಮ್ಮನ ಮಗಳು ಸುಕನ್ಯಳಿಗೆ ಮದುವೆ ಗೊತ್ತಾಯಿತು. ಚಪ್ಪರಕ್ಕೆ ಗಳ ಬಂದು ಬಿತ್ತು. ಅಕ್ಕ ಕಿಟಕಿಯಿಂದ ಅದನ್ನು ನೋಡಿದಳು. ಆ ದಿನವಿಡೀ ಅವಳಿಗೆ ಒಲೆಯ ಮೇಲಿನದ್ದು ಸೀಯುತ್ತಿತ್ತು, ಕೆಳಗಿನದ್ದು ಚೆಲ್ಲುತ್ತಿತ್ತು.

"ಅಕ್ಕ, ಹೋಗ್ಬುಡು," ಎಂದೆ ನಾನು. "ಎತ್ತಿ ಆಡ್ಸಿದ ಕೂಸು. ದೊಡ್ಡವ್ವ ಇಲ್ದೆ ಧಾರೆ ಎರೀತಾರಾ?"

"ಹೋಗೋದು ಹೋಗ್ಬೋದು ಕಣೇ ಲಕ್ಕಿ," ಎಂದಳು. "ಹೋಗಿ ಏನಂತ ಅನ್ಲಿ? ತಪ್ಪು ನಂದಾಗಿದ್ರೆ ಕಾಲು ಹಿಡಿದು ತಪ್ಪಾಯ್ತು ಅಂತೀನಿ. ಅವಳ್ದಾಗಿದ್ರೆ? ಅವಳು ತಪ್ಪು ಮಾಡಿ ನಾನು ಕಾಲು ಹಿಡಿದ್ರೆ ನಾಳೆ ನಂಗೆ ನೆನಪಾಗಲ್ಲ ನಿಜ, ಅವಳ ಹಸೀಗೆ ನೆನಪಿರ್ತದಲ್ಲ! ಬೀದೀಲಿ ಕಂಡಾಗೆಲ್ಲ ನಗೋದು ಅದು."

ಅದೂ ನಿಜವೇ. ಸರಿ, ನಮ್ಮ ಹಸುವನ್ನೇ ಕೇಳೋಣವೆಂದು ಇಬ್ಬರೂ ಕೊಟ್ಟಿಗೆಗೆ ಹೋದೆವು. ನಮ್ಮ ಹಸುವಿನ ಹೆಸರು ಹಂಡಿ. ಬಿಳಿ ಮೈ ಮೇಲೆ ಕಂದು ಮಚ್ಚೆ, ಹಣ್ಣು ಹಣ್ಣು ಮುದುಕಿ, ಮೆಲುಕು ಹಾಕುವಾಗ ಥೇಟ್ ತೀರಿಹೋದ ನಮ್ಮತ್ತೆಯ ಹಾಗೆ. ಅಕ್ಕ ಅದರ ಗಂಗೆದೊಗಲು ತುರಿಸುತ್ತಾ ಕೇಳಿದಳು, "ಹಂಡವ್ವಾ, ದೇವೀರಿ ಜತೆ ಜಗಳ ಆದಾಗ ತಪ್ಪು ನಂದಾ?" ಹಂಡಿ ಕಿವಿ ಒದರಿತು. ಅಲ್ಲ! ಅಕ್ಕನ ಮುಖ ಅರಳಿತು. "ಹಾಗಾದ್ರೆ ಅವಳ್ದು?" ಹಂಡಿ ಮತ್ತೆ ಕಿವಿ ಒದರಿತು. "ಯಾರ್ದೂ ಅಲ್ವಾ?" ಹಂಡಿ ತಲೆ ಆಡಿಸಿತು. "ಜಗಳ ಆಗಿದ್ದು ಹೌದಾ?" ಈಗ ಅದು ತಲೆಯನ್ನೂ ಆಡಿಸಿತು, ಕಿವಿಯನ್ನೂ ಒದರಿತು, ಕೊನೆಗೆ ನಮ್ಮಿಬ್ಬರಿಗೂ ಬೆನ್ನು ತಿರುಗಿಸಿ ಸಗಣಿ ಹಾಕಿತು.

"ಅರಳುಮರಳು ಆಗೈತೆ ಇದಕ್ಕೆ," ಎಂದಳು ಅಕ್ಕ. ಹಂಡಿಯ ಮೇವಿನ ಬಾನಿಯ ಹತ್ತಿರ ಹೋದಳು. ಆಮೇಲೆ ಅತ್ತಿತ್ತ ನೋಡಿ ಒಂದು ಹಿಡಿ ತೌಡು ತೆಗೆದು ಬಾಯಿಗೆ ಹಾಕಿಕೊಂಡಳು.

ಹಸಿ ತೌಡು ತಿನ್ನುವುದೆಂದರೆ ಮರದ ಪುಡಿ ತಿಂದ ಹಾಗೆ. ಅಕ್ಕನಿಗೆ ಕೆಮ್ಮು ಬಂದು ಕಣ್ಣಲ್ಲಿ ನೀರು ಸುರಿಯಿತು, ಹಂಡಿ ತಿರುಗಿ ನೋಡಿತು. ನೆನಪು ಬರಲಿಲ್ಲ, ಹೊಟ್ಟೆನೋವು ಬಂತು. ಮಾರನೆಯ ದಿನ ಅಕ್ಕ ಜರಡಿ ಹಿಡಿದು ಹೊಟ್ಟು ನುಚ್ಚೆಲ್ಲ ತೆಗೆದು, ನಯವಾದದ್ದನ್ನು ಬಾಣಲೆಯಲ್ಲಿ ಹುರಿದು, ಬೆಲ್ಲ ಹಾಕಿ ಉಂಡೆ ಕಟ್ಟಿದಳು. ಘಮ್ಮೆನ್ನುತ್ತಿತ್ತು, ನಾನೂ ಒಂದು ತಿಂದೆ. ಸಂಜೆಯ ಹೊತ್ತಿಗೆ ಅಕ್ಕನಿಗೆ, ಹೋದ ವರ್ಷ ಕಳೆದುಕೊಂಡಿದ್ದ ಸೌಟು ಅಟ್ಟದ ಮೇಲೆ ಮಡಕೆಯ ಹಿಂದಿದೆ ಎಂದು ಹೊಳೆಯಿತು. ಹತ್ತಿ ನೋಡಿದರೆ ಇತ್ತು! ನನಗೆ, ನಮ್ಮ ಮನೆಯವರು ನನಗೊಂದು ಸೀರೆ ತರುತ್ತೇನೆ ಎಂದಿದ್ದು ನೆನಪಾಯಿತು. ಕೇಳಿದೆ. ಅವರು ಹಸುವಿನ ಹತ್ತಿರ ಹೋಗಿ ಮೆಲ್ಲಗೆ ವಿಚಾರಿಸಿ ಬಂದು, ಹೌದಂತೆ ಎಂದು ಒಪ್ಪಿಕೊಂಡರು.

ಆದರೆ ಹುರಿದ ತೌಡಿನ ನೆನಪು ಹೋದ ವರ್ಷದಾಚೆ ಹೋಗಲಿಲ್ಲ. ಹೆಚ್ಚು ತಿಂದರೆ ಹೆಚ್ಚು ಹಿಂದಕ್ಕೆ ಹೋಗಬಹುದೆಂದು ಅಕ್ಕ ಒಂದು ಗುಡಾಣ ತುಂಬ ತೌಡು ತುಂಬಿಟ್ಟಳು. ಗಿರಣಿ ಓಡುವುದು ಸಂತೆಯ ಹಿಂದುಮುಂದಿನ ದಿನ ಮಾತ್ರ, ಉಳಿದ ದಿನಗಳಿಗೆ ದಾಸ್ತಾನು ಬೇಕಲ್ಲ. ವಾರ ಕಳೆದು ಬಾಯಿ ತೆಗೆದರೆ ತೌಡಿಗೆ ಕಮಟು ಹತ್ತಿತ್ತು. ಹಳೆ ಎಣ್ಣೆಯಂಥ ವಾಸನೆ, ನಾಲಗೆಗೆ ಕಹಿ. ಹಂಡಿಗೆ ಹಾಕಿದರೆ ಮೂಸಿ ಬಾನಿಯನ್ನೇ ಒದ್ದಿತು. ಅಕ್ಕ ಮಾತ್ರ ಬಿಸಾಕಲು ಮನಸ್ಸಾಗದೆ ಬೆಲ್ಲ ಜಾಸ್ತಿ ಹಾಕಿ ಹುರಿದಳು.

ಅವತ್ತು ಊರಿಗೆ ಬಂದ ಗ್ರಹಚಾರವನ್ನು ಏನೆಂದು ಹೇಳಲಿ. ಕಮಟು ತೌಡು ತಿಂದರೆ ನೆನಪು ಬರುವುದು ನಿಜ, ಆದರೆ ಬೇರೆಯವರು ನಮಗೆ ಮಾಡಿದ ಕಹಿಯವು ಮಾತ್ರ. ಅಕ್ಕ ಉಂಡೆ ತಿಂದು ಕೈ ತೊಳೆದವಳೇ ಭಾವನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಾನು ಈ ಮನೆಗೆ ಬಂದ ಹೊಸದ್ರಲ್ಲಿ ನನ್ನ ಸಾರಿಗೆ ಕಲಗಚ್ಚು ಅಂದೋರು ನೀವೇ ಅಲ್ವಾ?"

"ನಾನಾ?" ಎಂದ ಭಾವ.

"ನಿಮ್ಮವ್ವನ ಎದುರಿಗೆ! ಅವರು ನಕ್ಕೂ ನಕ್ಕರು!"

ಭಾವ ಪಾಪ, ಅತ್ತಿತ್ತ ನೋಡಿ, ಹಸುವನ್ನು ಕೇಳಿ ಬರುತ್ತೇನೆ ಎಂದು ಹೋದವನು ಕತ್ತಲಾಗುವವರೆಗೆ ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ. ಅಕ್ಕ ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೀದಿಗಿಳಿದು, ಹರಕು ಚೀಲ ಕೊಟ್ಟಿದ್ದಕ್ಕೆ ಮುದ್ದರಂಗಪ್ಪನನ್ನು, ತನ್ನ ಕುಪ್ಪಸದ ತೋಳು ಬಿಗಿ ಹೊಲಿದಿದ್ದಕ್ಕೆ ದರ್ಜಿಯನ್ನು, ಯಾವುದೋ ಕಾಲದ ಸೀಮಂತದಲ್ಲಿ ತನ್ನ ಎಲೆಗೆ ಹೋಳಿಗೆ ತಪ್ಪಿಸಿದ್ದಕ್ಕೆ ಅಡಿಗೆಯವನನ್ನು ಸಾಲಾಗಿ ನಿಲ್ಲಿಸಿ ಬೈದಳು. ನನ್ನನ್ನೂ ಬಿಡಲಿಲ್ಲ, ಏನೆಂದು ಬೈದಳೋ ಅದು ಇಲ್ಲಿ ಬೇಡ. ಇದೆಲ್ಲ ತೌಡಿನ ಉಂಡೆಯ ಪ್ರಭಾವ ಎಂದು ತಿಳಿದು ಬೈಸಿಕೊಂಡವರಿಗೆ ಕುತೂಹಲ ಹುಟ್ಟಿತು, ಅಂದರೆ ತೌಡು ತಿಂದರೆ ನಮಗೂ ನೆನಪು ಸಿಗುತ್ತದೆಯೇ? ಒಬ್ಬೊಬ್ಬರೇ ತಮ್ಮ ಕೊಟ್ಟಿಗೆಯ ಮೂಲೆಯಲ್ಲಿದ್ದ ಹಳೆ ತೌಡನ್ನು ಕದ್ದು ತಿಂದರು. ಸಂತೆಯ ದಿನ ಸಂತೆಯೇ ನಡೆಯಲಿಲ್ಲ. ಬದನೆಕಾಯಿ ಕೊಳ್ಳಲು ಬಂದವಳು ಬದನೆಕಾಯಿಯವಳಿಗೆ ಅವಳ ಅಜ್ಜಿ ಆಡಿದ ಮಾತನ್ನು ಎತ್ತಿ ಆಡಿದಳು. ಇಬ್ಬರು ಬೀಗರು ಛತ್ರಿ ಮುರಿದುಕೊಂಡರು. ಊರಲ್ಲಿ ಅವತ್ತು ಶಾಂತವಾಗಿದ್ದವು ಅಂದರೆ ಹಸುಗಳು ಮಾತ್ರ.

ಮುದ್ದರಂಗಪ್ಪ ಊರಿನ ಹಿರಿಯನೂ ಹೌದು. ಗಿರಣಿಯ ಮುಂದೆ ಜನ ಸೇರಿಸಿ ನಿಂತ. "ನೋಡ್ರಪ್ಪ, ತೌಡು ದನದ ಪಾಲು. ಮನುಷ್ರು ತಿಂದ್ರೆ ಏನಾಯ್ತದೆ ಅಂತ ಕಂಡ್ರಲ್ಲ. ಇವತ್ತಿನಿಂದ ನಾನು ಚೀಲಕ್ಕೆ ತೌಡು ತುಂಬಲ್ಲ. ಹಸ ಹಿಡ್ಕೊಂಡು ಬನ್ನಿ, ಅದರ ಮೂತಿ ಮುಂದೇ ಸುರೀತೀನಿ," ಎಂದ. ಎಲ್ಲರೂ ಆಗಲಿ ಎಂದರು. ಮನೆಗೆ ಹೋಗಿ ಹೊಟ್ಟೆ ತುಂಬ ಬಿಳಿ ಅನ್ನ ಉಂಡರು. ನಾಲ್ಕಾರು ಊಟದಲ್ಲಿ ಕಹಿಯೆಲ್ಲ ಇಳಿದು, ಬೀಗರಿಬ್ಬರೂ ಛತ್ರಿ ಯಾಕೆ ಮುರಿಯಿತು ಎಂದು ಒಟ್ಟಿಗೆ ಕೂತು ಯೋಚಿಸತೊಡಗಿದರು.

ಅಕ್ಕ ಕೂಡ ಉಂಡಳು. ಆದರೆ ಉಣ್ಣುವ ಮೊದಲು ನನ್ನನ್ನು ಕರೆದು ಹೇಳಿದಳು, "ಲಕ್ಕಿ, ಅಷ್ಟು ಜನರನ್ನ ಬೈದ್ನಲ್ಲ, ದೇವೀರಿ ಮೇಲೆ ಮಾತ್ರ ಒಂದು ಕೆಟ್ಟ ನೆನಪೂ ಬರಲಿಲ್ಲ ಕಣೇ. ಒಂದೂ ಬರಲಿಲ್ಲ. ಅದು ಹೆಂಗೆ? ನಾನು ಮರೆತ್ರೂ ನೀನು ನಂಗೆ ಇದನ್ನ ಹೇಳ್ತಾ ಇರು." ನಾನು ಹೂಂ ಎಂದೆ. ನನಗೇ ಮರೆತುಹೋದರೆ ಎಂಬ ಭಯಕ್ಕೆ ಅವತ್ತಿನಿಂದ ಅನ್ನ ಬಿಟ್ಟು, ಕಮಟು ಹತ್ತುವ ಮೊದಲೇ ಹುರಿದು ಕಟ್ಟಿದ್ದ ಉಂಡೆಗಳನ್ನು ತಿಂದುಕೊಂಡು ಮುಂಜಾನೆ ಎದ್ದ ಕೂಡಲೇ ಅವಳಿಗೆ ಹೇಳತೊಡಗಿದೆ.

ಇನ್ನು ತೌಡು ತರುವ ಬಗೆ. ಅಕ್ಕ ಹಂಡಿಯ ಹಗ್ಗ ಹಿಡಿದು ಗಿರಣಿಗೆ ಹೊರಟಳು. ಮುದ್ದರಂಗಪ್ಪ ಯಂತ್ರದಿಂದ ಆಗಷ್ಟೇ ಉದುರಿದ ಬಿಸಿ ಬಿಸಿ ತೌಡನ್ನು ಹಂಡಿಯ ಮುಂದೆ ಸುರಿದ. ಹಂಡಿ ಒಂದು ಬಾಯಿ ತಿಂದು ಅಕ್ಕನ ಮುಖ ನೋಡಿತು. ಆಮೇಲೆ ಏನೋ ನೋವು ಬಂದಂತೆ ಜೋರಾಗಿ ಕೂಗುತ್ತಾ ಮುದ್ದರಂಗಪ್ಪನ ಕಡೆಗೆ ನಡೆಯಿತು. ಅವನು ಗಾಬರಿಯಾಗಿ ಅದರ ಹೊಟ್ಟೆ ಸವರುತ್ತಿರುವಾಗ ಅಕ್ಕ ಉಳಿದ ತೌಡನ್ನೆಲ್ಲ ಮಡಿಲಿಗೆ ತುಂಬಿಕೊಂಡಳು. ಮುಂದಿನ ಸಲವೂ ಹಂಡಿಗೆ ಅದೇ ಜಾಗದಲ್ಲಿ ಅದೇ ನೋವು. "ಈ ಹಸೀಗೆ ಗಿರಣಿ ಸದ್ದು ಆಗಲ್ಲ ಅಂತ ಕಾಣ್ತದೆ ಕೆಂಪಾಜವ್ವ," ಎಂದ ಮುದ್ದರಂಗಪ್ಪ. ಅವನಿಗೆ ಹೋದ ಸಲದ್ದು ಅರ್ಧ ಮರೆತುಹೋಗಿತ್ತು.

ತಂದ ತೌಡು ಕಮಟಾಗದಂತೆ ಇಡುವುದು ಹೇಗೆ? ತಾಜಾ ತೌಡು ಒಂದು ಹಗಲು ಕಳೆಯುವಷ್ಟರಲ್ಲಿ ಕೆಡಲು ಶುರುವಾಗುತ್ತಿತ್ತು. ಹುರಿದರೆ ಮೇಲೆ ಸೀದು ಒಳಗೆ ಹಸಿಯೇ ಉಳಿಯುತ್ತಿತ್ತು. ಅಕ್ಕ ಯೋಚಿಸಿ, ತೌಡನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಇಡ್ಲಿ ಪಾತ್ರೆಯಲ್ಲಿಟ್ಟು ಹಬೆಯಲ್ಲಿ ಬೇಯಿಸಿದಳು. ಗಿರಣಿಯಿಂದ ಬಂದ ಕೂಡಲೇ, ಬಿಸಿ ಆರುವ ಮೊದಲೇ. ಆಮೇಲೆ ಮಾಳಿಗೆಯ ಮೇಲೆ ಚಾಪೆ ಹಾಸಿ ಒಣಗಿಸಿದಳು. ಆ ತೌಡು ವಾರವಾದರೂ ಕಹಿಯಾಗಲಿಲ್ಲ, ಕಡಲೆ ಹಿಟ್ಟಿನ ಹಾಗೆ ಸಿಹಿ ಸಿಹಿ ವಾಸನೆ. ತಿಂದರೆ ನೆನಪುಗಳೂ ಸಾಧು. ಯಾವುದೋ ಹಬ್ಬ, ಯಾರದೋ ನಗು.

ಈ ನಡುವೆ ಭಾವನಿಗೂ ಹುರುಪು ಬಂದು, ತೌಡಿನಲ್ಲಿ ಎಣ್ಣೆ ಇದೆಯಂತೆ ಎಂದು ಗುಟ್ಟಾಗಿ ಒಂದಿಷ್ಟು ಗಾಣಕ್ಕೆ ಒಯ್ದ. ಗಾಣದ ಎತ್ತು ಸುತ್ತಿ ಸುತ್ತಿ ಸುಸ್ತಾಗಿ ಕೊನೆಗೆ ಒಂದು ಒಳಲೆಯಷ್ಟು ಎಣ್ಣೆ ಇಳಿಯಿತು. ಭಾವ ಅದನ್ನು ನೆತ್ತಿಗೆ ತಟ್ಟಿಕೊಂಡು ಮಲಗಿ ಎದ್ದರೆ, ಅವನಿಗೆ ನೆನಪಾದದ್ದು ಬರೀ ರಾಗಗಳು. ಮಾತಿಲ್ಲ, ಅರ್ಥವಿಲ್ಲ. ಎರಡು ದಿನ ಹೂಂ ಹೂಂ ಎಂದು ಗುನುಗಿಕೊಂಡು ಓಡಾಡಿದ. ಎದುರು ಜಗುಲಿಯಲ್ಲಿ ಬೆಟ್ಟಯ್ಯ ಅದನ್ನು ಕೇಳಿ ತೊಡೆಯ ಮೇಲೆ ತಾಳ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ.

ಹಬೆಯ ತೌಡಿನಿಂದಲೂ ಅಕ್ಕನಿಗೆ ಬೇಕಾದ ದಿನದವರೆಗೆ ಹೋಗಲಾಗಲಿಲ್ಲ. ಸುಕನ್ಯ ಅಂಬೆಗಾಲಿಡುತ್ತಿದ್ದ ಕಾಲ ಅದು, ತೀರಾ ಆಳದಲ್ಲಿತ್ತು. "ತೌಡಿನೊಳಗೆ ಇರೋದೆಲ್ಲ ಇನ್ನೂ ಬಿಟ್ಕೊಟ್ಟಿಲ್ಲ ಕಣೇ ಇದು," ಎಂದು ಅಕ್ಕ ಬೆರಳಲ್ಲಿ ಅದನ್ನು ತಿಕ್ಕಿ ತಿಕ್ಕಿ ನೋಡುತ್ತಿದ್ದಳು. "ಗಟ್ಟಿ ಹಿಡ್ಕೊಂಡು ಕೂತದೆ. ಸಡಿಲ ಮಾಡ್ಬೇಕು." ನೀರಲ್ಲಿ ನೆನೆಸಿ ಹಿಂಡಿ ಸೋಸಿ ಕುಡಿದಳು, ಬರಲಿಲ್ಲ. ಕೊನೆಗೆ ಹುಳಿ ಮಜ್ಜಿಗೆಯಲ್ಲಿ ಕಲಸಿ, ಬೂದಿಯ ಬಿಸುಪಿನ ಪಕ್ಕದಲ್ಲಿ ಮುಚ್ಚಿಟ್ಟಳು. ಮರುದಿನ ಅದು ಉಬ್ಬಿ, ಗುಳ್ಳೆಯೆದ್ದು, ಮುಚ್ಚಳವನ್ನೇ ಮೇಲೆತ್ತಿತ್ತು. ಬೇಯಿಸಿದ ಕುಂಬಳಕಾಯಿ ಕಿವುಚಿ ಸೇರಿಸಿ, ಬಾಳೆಲೆಯ ಮೇಲೆ ತಟ್ಟಿ, ಕಾವಲಿಯಲ್ಲಿ ಸುಟ್ಟಳು. ಕಂದು ಬಣ್ಣದ ಮೆತ್ತನೆಯ ರೊಟ್ಟಿ. ಒಲೆಯ ಮುಂದೆ ಕೂತಲ್ಲೇ ಮುರಿದು ಬಾಯಿಗಿಟ್ಟುಕೊಂಡಳು.

ಅಗಿಯುತ್ತಾ ಅಗಿಯುತ್ತಾ ಅವಳ ದವಡೆ ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು.

"ಅಕ್ಕ?" ಎಂದೆ.

"ಥೂ ನನ್ನ ಬಾಯಿಗಿಷ್ಟು," ಎಂದಳು ಅಕ್ಕ. "ಸುಳ್ಳು ಜಗಳ ಕಣೇ ಲಕ್ಕಿ!"

ಸಂಗತಿ ಹೀಗಿತ್ತು. ಆಗ ಭಾವನಿಗೂ ಬೆಟ್ಟಯ್ಯನಿಗೂ ಪಗಡೆಯ ಹುಚ್ಚು. ಸಂಜೆಯಾಯಿತೆಂದರೆ ಷಡ್ಡಕರಿಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹಾಡುತ್ತಾ ಮಂಟಪಕ್ಕೆ ಹೋದರೆ ಮುಗಿಯಿತು, ಗದ್ದೆಯ ನೀರು ಯಾರೋ ತಿರುಗಿಸಬೇಕು, ಕರು ಯಾರೋ ಕಟ್ಟಬೇಕು. ಹೇಳಿ ಹೇಳಿ ಸೋತ ಅಕ್ಕತಂಗಿಯರು ಹಿತ್ತಲಲ್ಲಿ ಕೂತು ಒಂದು ಹೂಟ ಹೂಡಿದರು. ತಾವಿಬ್ಬರೂ ಜಗಳ ಆಡಿ ಮಾತು ಬಿಟ್ಟರೆ ಗಂಡಂದಿರೂ ಒಟ್ಟಿಗೆ ಹೋಗುವ ಹಾಗಿಲ್ಲ. ಮಾರನೆಯ ದಿನ ಬಾವಿಕಟ್ಟೆಯಲ್ಲಿ ಊರೆಲ್ಲ ಕೇಳುವಂತೆ ಕಿರುಚಾಡಿದರು. ದೇವೀರಮ್ಮ ಹಿತ್ತಾಳೆ ಕೊಡ ಎತ್ತಿ ಹಾಕಿದಳು. ಅಕ್ಕ ಮಣ್ಣು ತೂರಿದಳು. ನಗು ತಡೆಯಲಾರದೆ ಇಬ್ಬರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡರೆ ಜನ ಅಳು ಎಂದುಕೊಂಡರು. ಯುಗಾದಿ ಹತ್ತಿರದಲ್ಲೇ ಇತ್ತು. ಅಷ್ಟರವರೆಗೆ ಸಾಕು, ಹಬ್ಬದ ದಿನ ನಾನೇ ಬೇವುಬೆಲ್ಲ ತಗೊಂಡು ನಿಮ್ಮನೆಗೆ ಬರ್ತೀನಿ ಎಂದು ಅಕ್ಕ ಮಾತು ಕೊಟ್ಟಿದ್ದಳು. ಯುಗಾದಿ ಬರುವ ಹೊತ್ತಿಗೆ ಬಿಳಿ ಅನ್ನ ತನ್ನ ಕೆಲಸ ಮಾಡಿತ್ತು. ಹೂಟ ಮರೆತಿತ್ತು. ಕತ್ತು ಹೊರಳಿಸುವುದು ಮಾತ್ರ ಅಭ್ಯಾಸವಾಗಿತ್ತು.

ಅಕ್ಕ ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಹಂಡಿ ಸರಿಯಾಗೇ ಹೇಳ್ತು ಪಾಪ. ನಾನೇ ಅದನ್ನ ಅರಳುಮರಳು ಅಂದೆ. ಬಾರೇ, ಈಗಲೇ ಹೋಗಾನ. ಅವಳಿಗೆ ಹೇಳಿದ್ರೆ ಬಿದ್ದು ಬಿದ್ದು ನಗ್ತಾಳೆ." ಕತ್ತು ಹಟ ಮಾಡಿತು, ಬೀದಿ ದಾಟುವಾಗ ಗೋಡೆಯ ಕಡೆಗೇ ಹೊರಳಿತು. ಅಕ್ಕ ಎರಡೂ ಕೈಯಲ್ಲಿ ಗಲ್ಲ ಹಿಡಿದು ಅದನ್ನು ನೆಟ್ಟಗೆ ತಿರುಗಿಸಿಕೊಂಡು ಹೊಸಿಲಲ್ಲಿ ನಿಂತಳು.

ದೇವೀರಮ್ಮ ನಡುಮನೆಯಲ್ಲಿ ಮದುವೆಗೆ ಹಪ್ಪಳ ಒತ್ತುತ್ತಾ ಕೂತಿದ್ದಳು. ತಲೆ ಎತ್ತಿದಳು, ಒತ್ತುವುದನ್ನು ನಿಲ್ಲಿಸಲಿಲ್ಲ.

"ದೇವೀರಿ," ಎಂದಳು ಅಕ್ಕ. "ನಮ್ಮಿಬ್ರದ್ದು ಜಗಳಾನೇ ಅಲ್ಲ ಕಣೇ! ಸುಳ್ಳು ಜಗಳ ಅದು. ಗಂಡುಸ್ರ ಪಗಡೆ ಬಿಡ್ಸೋಕೆ ಅಂತ ನಾವೇ..."

"ಗೊತ್ತು," ಎಂದಳು ದೇವೀರಮ್ಮ.

ಅಕ್ಕನ ನಗು ಮುಖದ ಮೇಲೇ ನಿಂತುಬಿಟ್ಟಿತು.

"ಗೊತ್ತು ಅಂದ್ರೆ?"

"ಆಗ್ಲೇ ಎರಡನೇದು ಹೊಟ್ಟೇಲಿತ್ತು, ನಂಗೆ ಅನ್ನ ಸೇರ್ತಿರ್ಲಿಲ್ಲ. ಗಿರಣಿ ಗೋಡೆ ಸಂದೀಲಿ ಬಿಸಿ ತೌಡು ಉದುರ್ತದಲ್ಲ, ಅದನ್ನೇ ಬಾಚಿ ಬಾಚಿ ತಿಂದೆ. ಇವತ್ತಿಗೂ ತಿಂತೀನಿ. ನಂಗೆ ಎಲ್ಲಾ ನೆನಪೈತೆ ಅಕ್ಕಯ್ಯ. ಯುಗಾದಿ ದಿನ ಬಾಗಿಲಿಗೆ ತೋರಣ ಕಟ್ಟಿ ನಿಂತಿದ್ದೆ. ನೀನು ಬರಲಿಲ್ಲ. ಮುಂದಿನ ಯುಗಾದಿಗೂ ಬರಲಿಲ್ಲ."

"ಮರ್ತಿದ್ದೆ ಕಣೇ. ಊರೆಲ್ಲ ಮರೀತದೆ. ನೀನಾದ್ರೂ ಬಂದು ಹೇಳಬಾರ್ದಿತ್ತಾ?"

"ಬರ್ತೀನಿ ಅಂದೋಳು ನೀನು," ಎಂದಳು ದೇವೀರಮ್ಮ. ಒಂದು ಹಪ್ಪಳ ಎತ್ತಿ ಬಟ್ಟೆಯ ಮೇಲೆ ಹಾಕಿ, ಅದರ ಅಂಚನ್ನು ಸರಿಮಾಡಿದಳು. "ಅದೂ ಹೋಗ್ಲಿ. ಹುಟ್ಟಿದ ಗಂಡು ಕೂಸು ಜ್ವರದಲ್ಲಿ ಹೋಯ್ತಲ್ಲ, ಅವತ್ತು ನೀನು ನಿಮ್ಮ ಜಗುಲಿ ಮೇಲಿದ್ದೆ. ಕೈಯಲ್ಲಿ ಮೊರ ಇತ್ತು. ನಾನು ಅಳೋದು ಕೇಳಿ ಒಂದು ಮೆಟ್ಟಿಲು ಇಳಿದೆ. ನಾನು ನೋಡ್ತಿದ್ದೆ. ಇನ್ನೊಂದು ಇಳೀತೀಯ ಅಂದ್ಕೊಂಡೆ. ನಿನ್ನ ಕತ್ತು ಆ ಕಡೆ ತಿರುಗ್ತು, ನೀನು ಒಳಕ್ಕೆ ಹೋದೆ. ಜಗಳ ಸುಳ್ಳು, ನಂಗೊತ್ತು. ಅದು ಸುಳ್ಳಲ್ಲ."

ಗಿರಣಿಯ ಸದ್ದು ಗೋಡೆಯಾಚೆ ನಡೆದೇ ಇತ್ತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ಆ ದಿನ ನಂಗೆ ಇನ್ನೂ ನೆನಪಿಗೆ ಬಂದಿಲ್ಲ ದೇವೀರಿ," ಎಂದಳು ಅಕ್ಕ.

"ಬರೋದು ಬ್ಯಾಡ ಬುಡು." ದೇವೀರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲು ಕಷ್ಟವಾಗಿತ್ತು. "ಈ ತೌಡು ಗೀಡು ಎಲ್ಲ ಬಿಟ್ಬುಡು. ಮದುವೆಗೆ ಬಾ, ಊರೋರೆಲ್ಲ ಬರ್ತಾರೆ. ಬಿಳೇ ಅನ್ನ ಉಣ್ಣು. ವಾರದಲ್ಲಿ ನಾನು ಹೇಳಿದ್ದೆಲ್ಲ ಹೋಯ್ತದೆ, ನೀನು ಹಾಯಾಗಿರ್ತೀಯ. ನಿನ್ನ ಮೇಲೆ ನಂಗೇನೂ ಇಲ್ಲ."

ಅಕ್ಕ ಮನೆಗೆ ಬಂದಳು. ಕೊಟ್ಟಿಗೆಗೆ ಹೋಗಿ ಹಂಡಿಯ ಮುಂದೆ ಕೂತಳು. ಏನು ಕೇಳಿದಳೋ ಗೊತ್ತಿಲ್ಲ, ನಾನು ದೂರದಿಂದ ನೋಡಿದ್ದು, ಹಂಡಿ ತಲೆ ಆಡಿಸಿತು. ಅಕ್ಕ ಅದರ ಕೊರಳಿಗೆ ಹಣೆ ಒತ್ತಿಕೊಂಡಳು. ಭಾವ ಏನಾಯಿತೆಂದು ನನ್ನನ್ನು ಕೇಳಿದ. ಪಗಡೆಯ ಸಂಗತಿಯನ್ನಷ್ಟೇ ಹೇಳಿದೆ. ಅವನು ಬಾಯಿ ಬಿಟ್ಟುಕೊಂಡು ಕೇಳಿ, ಜಗುಲಿಗೆ ಹೋಗಿ, ಬಹಳ ಹೊತ್ತು ಎದುರಿನ ಜಗುಲಿಯನ್ನೇ ನೋಡಿದ. ಆಮೇಲೆ ಎದ್ದು ಬೀದಿ ದಾಟಿದ. ಗಂಡಸರ ರಾಜಿಗೆ ಎರಡು ಎಲೆ, ಒಂದು ಅಡಿಕೆ ಸಾಕಾಯಿತು.

ಮದುವೆಯ ದಿನ ಬಂತು. ಅಕ್ಕ ಒಳ್ಳೆ ಸೀರೆ ಉಟ್ಟು, ಧಾರೆಯ ಹೊತ್ತಿಗೆ ಹೋಗಿ ಹಿಂದೆ ಹೆಂಗಸರ ನಡುವೆ ನಿಂತಳು. ಸುಕನ್ಯಳೇ ಅವಳನ್ನು ಕಂಡು, "ದೊಡ್ಡವ್ವ, ಮುಂದಕ್ಕೆ ಬಾ," ಎಂದಳು. ಅಕ್ಕ ಅಲ್ಲಿಂದಲೇ ಅಕ್ಷತೆ ಹಾಕಿದಳು. ಊಟಕ್ಕೆ ಚಪ್ಪರದ ತುದಿಯ ಸಾಲಿನಲ್ಲಿ ಕೂತಳು, ಪಕ್ಕದಲ್ಲಿ ನಾನು. ಕೋಸಂಬರಿ ಬಂತು, ಪಲ್ಯ ಬಂತು. ಆಮೇಲೆ ಬುಟ್ಟಿ ಹಿಡಿದು ಅನ್ನ ಬಡಿಸುತ್ತಾ ಬಂದವಳು ದೇವೀರಮ್ಮನೇ. ಹಬೆಯಾಡುವ ಬಿಳಿ ಅನ್ನ. ಮುದ್ದರಂಗಪ್ಪ ಈ ಮದುವೆಗೆಂದು ಮೂರನೆಯ ಸಲವೂ ಗಿರಣಿಗೆ ಹಾಕಿ ಕೊಟ್ಟಿದ್ದನಂತೆ, ಅದನ್ನೇ ಎದುರು ಸಾಲಿನಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದ.

ಅಕ್ಕ ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟಳು.

"ಬ್ಯಾಡ ದೇವೀರಿ."

"ಮದುವೆ ಮನೇಲಿ ಅನ್ನ ಬ್ಯಾಡ ಅಂತಾರಾ ಯಾರಾದ್ರೂ?" ದೇವೀರಮ್ಮ ತಗ್ಗಿದ ದನಿಯಲ್ಲಿ ಅಂದಳು. "ಎಲ್ರೂ ನೋಡ್ತಾವ್ರೆ. ಕೈ ತೆಗಿ."

"ನೋಡ್ಲಿ. ಆ ಕೂಸಿನ ದಿನ ಇನ್ನೂ ಪೂರ್ತಿ ಬಂದಿಲ್ಲ ನಂಗೆ. ಮೊರ ಬಂತು, ಮೆಟ್ಟಿಲು ಬಂತು. ನಿನ್ನ ಅಳು ಬಂದಿಲ್ಲ. ಬರೋವರ್ಗೂ ನಾನು ಅನ್ನ ಉಣ್ಣಲ್ಲ. ಬಂದ್ಮೇಲೂ ಉಣ್ಣಲ್ಲ. ನೀನೊಬ್ಳೇ ಇಷ್ಟು ವರ್ಷ ಅದನ್ನ ಇಟ್ಕೊಂಡಿದ್ದೆ, ಇನ್ಮೇಲೆ ನಾನೂ ಇಟ್ಕೋತೀನಿ."

ಹೀಗೆಂದು ಅಕ್ಕ ಮಡಿಲಿನಿಂದ ಬಟ್ಟೆಯ ಗಂಟು ತೆಗೆದು, ಕಂದು ರೊಟ್ಟಿಯನ್ನು ಎಲೆಯ ಮೇಲೆ ಬಿಚ್ಚಿದಳು. ಸಾಲಿನಲ್ಲಿ ಪಿಸುಮಾತು ಎದ್ದಿತು. "ತೌಡು! ಮದುವೆ ಎಲೇಲಿ ತೌಡು!" ಎಂದು ಮುದ್ದರಂಗಪ್ಪ ಅರ್ಧ ಎದ್ದ. ಪಕ್ಕದವರು ಅವನ ಪಂಚೆ ಹಿಡಿದು ಕೂರಿಸಿದರು.

ದೇವೀರಮ್ಮ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತೇ ಇದ್ದಳು. ಅವಳು ಮುಂದಿನ ಎಲೆಗೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಬುಟ್ಟಿಯನ್ನು ನನ್ನ ಕೈಗೆ ದಾಟಿಸಿದಳು. ರೇಷ್ಮೆ ಸೀರೆಯ ನೆರಿಗೆ ಮಣ್ಣಾಗುವುದನ್ನೂ ಲೆಕ್ಕಿಸದೆ ಅಕ್ಕನ ಎದುರಿಗೆ ನೆಲದಲ್ಲೇ ಕೂತಳು. ರೊಟ್ಟಿಯ ಒಂದು ಮಗ್ಗುಲನ್ನು ಮುರಿದಳು. ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು. ಅಷ್ಟೂ ಹೊತ್ತು ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು, ಕತ್ತು ಅಲುಗಲಿಲ್ಲ.

ದೇವೀರಮ್ಮ ನುಂಗಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಉಪ್ಪು ಹಾಕೋದನ್ನೇ ಮರ್ತಿದ್ದೀಯಲ್ಲ ಅಕ್ಕಯ್ಯ," ಎಂದು ಇನ್ನೊಂದು ಚೂರು ಮುರಿದಳು.